ಶಿಂಷೆಯ ಜಾಡಿನಲ್ಲಿ ಸೈಕಲ್ ಸವಾರಿ

ಭಾನುವಾರದ ಬೆಳಗು. ತುಮಕೂರಿನ ಯಾವುದೋ ಬಡಾವಣೆಯ ಒಂದು ಮನೆ. ಹತ್ತನೇ ತರಗತಿಯ ಹುಡುಗ ಬಾಟಲಿಗೆ ನೀರು ತುಂಬಿಸಿಕೊಂಡು, ದಪ್ಪ ಟೈರಿನ ಸೈಕಲ್ಲನ್ನು ಸದ್ದಾಗದಂತೆ ಗೇಟಿನಿಂದ ಹೊರಗೆ ತರುತ್ತಿದ್ದಾನೆ. ಅಡುಗೆಮನೆಯಿಂದ ಅಮ್ಮನ ದನಿ:

‘ಎಲ್ಲಿಗೋ ಇಷ್ಟು ಬೆಳಿಗ್ಗೆ?’

‘ದೇವರಾಯನದುರ್ಗಕ್ಕಮ್ಮ. ಫ್ರೆಂಡ್ಸ್ ಎಲ್ಲಾ ಬರ್ತಿದಾರೆ.’

‘ಲಾರಿ ಓಡಾಡೋ ರಸ್ತೆ, ಚಿರತೆ ಬೇರೆ ಇದೆಯಂತೆ. ಪರೀಕ್ಷೆ ಹತ್ರ ಬಂತು. ಸುಮ್ನೆ ಓದ್ಕೊ ಹೋಗು.’

ಸೈಕಲ್ ಇರುವ, ಹರೆಯದ ಮಕ್ಕಳಿರುವ ಬಹುತೇಕ ಮನೆಗಳಲ್ಲಿ ನಡೆಯುವ ಮಾತುಕತೆಯೇ ಇದು. ವಿಚಿತ್ರವೆಂದರೆ, ಇಲ್ಲಿ ಇಬ್ಬರ ಮಾತಿನಲ್ಲೂ ಸತ್ಯವಿದೆ. ಹುಡುಗನ ಕಾಲಿನಲ್ಲಿ ಕಸುವಿದೆ, ಊರಾಚೆ ಏನಿದೆ ಎಂದು ನೋಡುವ ಹಂಬಲವಿದೆ. ತಾಯಿಯ ಭಯಕ್ಕೂ ಕಾರಣಗಳಿವೆ. ಇವೆರಡನ್ನೂ ಒಟ್ಟಿಗೆ ತೂಗಿ ನೋಡಿದರೆ ಮಾತ್ರ ಆ ಗೇಟು ತೆಗೆಯಬೇಕೆ, ಬೇಡವೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕೀತು.

ಗ್ರೀಸು ಸುಟ್ಟ ಇಳಿಜಾರು

ದಪ್ಪ ಟೈರು, ಗಟ್ಟಿ ಚೌಕಟ್ಟು, ಹಲವು ಗೇರುಗಳ ಈ ‘ಮೌಂಟನ್ ಬೈಕ್’ ಹುಟ್ಟಿದ್ದು ಯಾವುದೇ ದೊಡ್ಡ ಕಾರ್ಖಾನೆಯ ಪ್ರಯೋಗಾಲಯದಲ್ಲಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಕೌಂಟಿಯಲ್ಲಿ, 1970ರ ದಶಕದಲ್ಲಿ ಕೆಲವು ತರುಣರು ಗುಜರಿ ಸೇರಬೇಕಿದ್ದ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ತುದಿಗೆ ಒಯ್ದು ಮಣ್ಣುದಾರಿಯಲ್ಲಿ ಇಳಿಸತೊಡಗಿದರು. ಇಳಿಜಾರು ಎಷ್ಟು ಕಡಿದಾಗಿತ್ತೆಂದರೆ, ಕೆಳಗೆ ಬರುವಷ್ಟರಲ್ಲಿ ಬ್ರೇಕಿನ ಬಿಸಿಗೆ ಹಿಂಗಾಲಿಯ ಗುಂಭದೊಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಪ್ರತಿ ಸಲವೂ ಅದನ್ನು ಬಿಚ್ಚಿ ಹೊಸದಾಗಿ ಗ್ರೀಸು ತುಂಬಬೇಕಿತ್ತು. ಹಾಗೆ ಮತ್ತೆ ತುಂಬುವ ಕೆಲಸದಿಂದಲೇ ಆ ದಾರಿಗೆ ‘ರೀಪ್ಯಾಕ್’ ಎಂಬ ಹೆಸರು ಬಂತು. 1976ರಲ್ಲಿ ಅಲ್ಲಿ ಮೊದಲ ಸ್ಪರ್ಧೆ ನಡೆಯಿತು. ಮರುವರ್ಷ ಜೋ ಬ್ರೀಜ್ ಎಂಬಾತ ಇಂಥ ದಾರಿಗೆಂದೇ ಹೊಸ ಚೌಕಟ್ಟು ಕಟ್ಟಿದ. ಇಪ್ಪತ್ತೇ ವರ್ಷಗಳಲ್ಲಿ, 1996ರ ಅಟ್ಲಾಂಟ ಒಲಿಂಪಿಕ್ಸ್‌ನಲ್ಲಿ, ಗುಡ್ಡಗಾಡಿನ ಸೈಕಲ್ ಓಟ ಪದಕದ ಸ್ಪರ್ಧೆಯಾಯಿತು.

ಆದರೆ ಮಣ್ಣುದಾರಿಯಲ್ಲಿ ಸೈಕಲ್ ತುಳಿಯುವುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗೇರಿಲ್ಲದ ಕಪ್ಪು ಸೈಕಲ್ಲಿನಲ್ಲಿ ಅಂಚೆಯಣ್ಣ ಊರೂರು ಸುತ್ತಿದ. ಕ್ಯಾರಿಯರಿನ ಎರಡೂ ಕಡೆ ಕ್ಯಾನು ನೇತುಹಾಕಿಕೊಂಡು ಹಾಲಿನವರು ಕೆರೆಏರಿಯ ಮೇಲೆ ಬಂದರು. ತೆಂಗಿನಕಾಯಿ ಮೂಟೆ, ಹುಲ್ಲಿನ ಹೊರೆ ಎಲ್ಲವೂ ಸೈಕಲ್ ಏರಿದವು. ಗಂಟೆ ಲೆಕ್ಕದ ಬಾಡಿಗೆ ಸೈಕಲ್ ತಂದು, ಬಾರಿನ ಕೆಳಗೆ ಕಾಲು ತೂರಿಸಿ ಪೆಡಲ್ ತುಳಿದು, ಮಂಡಿ ತರಚಿಕೊಂಡೇ ಇಂದಿನ ಅಪ್ಪಂದಿರು ಸವಾರಿ ಕಲಿತದ್ದು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದಾಗ, ಹಳ್ಳಿಯ ಹೆಣ್ಣುಮಕ್ಕಳು ಗುಂಪುಗುಂಪಾಗಿ ಹೈಸ್ಕೂಲಿಗೆ ಸೈಕಲ್ ತುಳಿಯುವ ನೋಟ ಎಲ್ಲೆಡೆ ಕಾಣತೊಡಗಿತು. ಕೋವಿಡ್ ಬಂದ ಮೇಲೆ ಆ ವಿತರಣೆ ನಿಂತುಹೋಯಿತು. ಆದರೆ ಹಾಗೆ ಸೈಕಲ್ ಕಲಿತವರು ಆ ವಿದ್ಯೆಯನ್ನು ಮರೆತಿಲ್ಲ.

ಒಂದು ನದಿ, ಮೂರು ಊರು

ತುಮಕೂರು, ಗುಬ್ಬಿ, ಕುಣಿಗಲ್. ಭೂಪಟದ ಮೇಲೆ ಈ ಮೂರನ್ನು ಗೆರೆ ಎಳೆದು ಸೇರಿಸಿದರೆ ಒಂದು ತ್ರಿಕೋನವಾಗುತ್ತದೆ. ಅದರೊಳಗೆ ಏರಿಳಿತದ ಬಯಲು, ರಾಗಿ ಹೊಲ, ತೆಂಗು ಅಡಿಕೆ ತೋಟ, ನಡುನಡುವೆ ಎದ್ದುನಿಂತ ಕಲ್ಲುಗುಡ್ಡ, ಪ್ರತಿ ತಗ್ಗಿಗೂ ಒಂದು ಕೆರೆ. ಸೈಕಲ್ ಸವಾರನಿಗೆ ಇದಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ದಿಣ್ಣೆ ಹತ್ತಿಸುವಷ್ಟರಲ್ಲಿ ಉಸಿರು ಬಿಗಿಯುತ್ತದೆ. ಇಳಿಯುವಾಗ ಆ ಉಸಿರು ಮರಳಿ ಬರುತ್ತದೆ.

ಈ ಸೀಮೆಯನ್ನು ಅರಿಯಲು ಒಂದು ಸುಲಭ ಉಪಾಯವಿದೆ. ಶಿಂಷಾ ನದಿಯನ್ನು ಹಿಂಬಾಲಿಸುವುದು. ಶಿಂಷೆ ಹುಟ್ಟುವುದು ತುಮಕೂರಿನ ಪಕ್ಕದ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ. ಅಲ್ಲಿಂದ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಗೆ ನೀರು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಬಂದು, ಮುಂದೆ ಕಾವೇರಿಯನ್ನು ಸೇರುತ್ತದೆ. ಇದೇ ಬೆಟ್ಟಸಾಲಿನಲ್ಲಿ ಹುಟ್ಟುವ ಇನ್ನೊಂದು ನದಿ ಜಯಮಂಗಲಿ ಮಾತ್ರ ಉತ್ತರಕ್ಕೆ ಮುಖ ಮಾಡಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಅಂದರೆ, ದುರ್ಗದ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ಕಾವೇರಿಗೆ, ಇನ್ನೊಂದು ಪಾಲು ಪಿನಾಕಿನಿಗೆ! ಭೂಗೋಳದ ಪುಸ್ತಕದಲ್ಲಿ ‘ಜಲವಿಭಾಜಕ’ ಎಂದು ಬಾಯಿಪಾಠ ಮಾಡಿದ ಪದ, ಬೆಟ್ಟದ ನೆತ್ತಿಯಲ್ಲಿ ಸೈಕಲ್ ನಿಲ್ಲಿಸಿ ಎರಡೂ ಕಡೆ ನೋಡಿದಾಗ ಕಣ್ಣಿಗೇ ಕಾಣುತ್ತದೆ.

ದುರ್ಗದ ದಾರಿ

ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದ್ದರೆ, ಹದಿನೈದು ಕಿಲೋಮೀಟರ್ ದೂರದ ದೇವರಾಯನದುರ್ಗದ ನೆತ್ತಿ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಮೊದಲು ಆನೆಬಿದ್ದಸರಿ, ಆಮೇಲೆ ಜಡಕನೆಂಬ ಪಾಳೆಯಗಾರನಿಂದ ಜಡಕನದುರ್ಗ ಎಂದು ಕರೆಸಿಕೊಂಡ ಈ ಬೆಟ್ಟ, ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ಈಗಿನ ಹೆಸರು ಪಡೆಯಿತು. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ.

ದಾರಿಯಲ್ಲೇ ಸಿಗುವುದು ನಾಮದ ಚಿಲುಮೆ. ಶ್ರೀರಾಮ ಹಣೆಗೆ ನಾಮವಿಟ್ಟುಕೊಳ್ಳಲು ನೀರಿಲ್ಲದೆ ಬಂಡೆಗೆ ಬಾಣ ಬಿಟ್ಟನೆಂದೂ, ಅಲ್ಲಿ ಚಿಲುಮೆ ಉಕ್ಕಿತೆಂದೂ ಸ್ಥಳದ ಕಥೆ. ಪಕ್ಷಿತಜ್ಞ ಸಲೀಂ ಅಲಿ ಅವರು 1930ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗ ಈ ಕಾಡಿಗೂ ಬಂದಿದ್ದರು. ಕಲ್ಲುಗುಡ್ಡಗಳ ಕುರುಚಲು ಕಾಡಿನಲ್ಲಷ್ಟೇ ಬದುಕುವ, ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಕಾಣದ ಹಳದಿ ಕೊರಳಿನ ಪಿಕಳಾರ ಇಲ್ಲಿದೆ. ಕಾರಿನ ಗಾಜು ಏರಿಸಿಕೊಂಡು ಹೋಗುವವರಿಗೆ ಅದರ ಕೂಗು ಕೇಳಿಸದು. ಏರಿನಲ್ಲಿ ಏದುಸಿರು ಬಿಡುತ್ತಾ ನಿಂತ ಸೈಕಲ್ ಸವಾರನಿಗೆ ಕೇಳಿಸೀತು.

ಒಂದು ಮಾತು ನೆನಪಿರಲಿ. ಇದು ಅರಣ್ಯ ಇಲಾಖೆಗೆ ಸೇರಿದ ಕಾಡು. ಡಾಂಬರು ರಸ್ತೆ ಬಿಟ್ಟು ಒಳದಾರಿ ಹಿಡಿಯಲು ಇಲಾಖೆಯ ಅನುಮತಿ ಬೇಕು. ದಪ್ಪ ಟೈರಿದೆ ಎಂದು ಎಲ್ಲೆಂದರಲ್ಲಿ ನುಗ್ಗಿದರೆ ಅದು ಸಾಹಸವಲ್ಲ, ಅಪರಾಧ.

ಶಿಲ್ಪಿಯ ಊರು, ಕಾಡುಪಾಪದ ಊರು

ಎರಡನೆಯ ದಾರಿ ತುಮಕೂರಿನಿಂದ ದಕ್ಷಿಣಕ್ಕೆ, ಕುಣಿಗಲ್ ಕಡೆಗೆ. ಒಟ್ಟು ಸುಮಾರು ನಲವತ್ತು ಕಿಲೋಮೀಟರ್. ಮೊದಲು ಸಿಗುವ ಗೂಳೂರು ಗಣಪತಿಗೆ ಹೆಸರಾದ ಊರು. ಎಲ್ಲೆಡೆ ಗಣೇಶನನ್ನು ನೀರಿಗೆ ಬಿಡುವ ಹೊತ್ತಿಗೆ ಇಲ್ಲಿ ಕೆರೆಯ ಮಣ್ಣಿನಿಂದ ದೊಡ್ಡ ಮೂರ್ತಿ ಮೈತಳೆಯುತ್ತಿರುತ್ತದೆ. ಬಲಿಪಾಡ್ಯಮಿಯಿಂದ ಕಾರ್ತೀಕ ಮಾಸವಿಡೀ ಪೂಜೆ, ಆಮೇಲೆ ವಿಸರ್ಜನೆ.

ಗೂಳೂರಿನ ಪಕ್ಕದಲ್ಲೇ ಕೈದಾಳ. ಬೇಲೂರಿನಲ್ಲಿ ತಾನು ಕಡೆದ ವಿಗ್ರಹದಲ್ಲಿ ದೋಷವಿದೆ ಎಂದು ಮಗನೇ ತೋರಿಸಿಕೊಟ್ಟಾಗ ತನ್ನ ಬಲಗೈ ಕತ್ತರಿಸಿಕೊಂಡ ಜಕಣಾಚಾರಿ, ಹುಟ್ಟೂರಾದ ಕ್ರೀಡಾಪುರಕ್ಕೆ ಬಂದು ಚೆನ್ನಕೇಶವನನ್ನು ಕಡೆದನೆಂದೂ, ಕೈ ಮತ್ತೆ ಬಂದದ್ದರಿಂದ ಊರು ‘ಕೈದಾಳ’ವಾಯಿತೆಂದೂ ಜನ ಹೇಳುತ್ತಾರೆ. ಇತಿಹಾಸಕಾರರು ಇದನ್ನು ಐತಿಹ್ಯವೆಂದೇ ಎಣಿಸುತ್ತಾರೆ. ಶಾಸನಗಳು ಹೇಳುವುದು ಹೊಯ್ಸಳ ಒಂದನೆಯ ನರಸಿಂಹನ ಕಾಲದ, ಅಂದರೆ ಹನ್ನೆರಡನೆಯ ಶತಮಾನದ ನಡುಭಾಗದ, ಬಾಚಿ ಎಂಬ ಸಾಮಂತನ ಕಥೆಯನ್ನು. ಕಥೆ ಯಾವುದು, ದಾಖಲೆ ಯಾವುದು ಎಂದು ಬೇರ್ಪಡಿಸಿ ನೋಡುವ ಅಭ್ಯಾಸಕ್ಕೆ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ಪಾಠಶಾಲೆ ಬೇಕೆ?

ಮುಂದೆ ನಾಗವಲ್ಲಿ. ಇಲ್ಲಿನ ತೋಪು, ಬೇಲಿಸಾಲುಗಳ ಮರಗಳಲ್ಲಿ ಕಾಡುಪಾಪಗಳಿವೆ. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಮೈ, ಮುಖದ ತುಂಬ ದುಂಡನೆಯ ಕಣ್ಣು, ಕಡ್ಡಿಯಂಥ ಕೈಕಾಲು. ಹಗಲೆಲ್ಲ ಮರದಲ್ಲಿ ಮುದುಡಿ ಮಲಗಿ, ರಾತ್ರಿ ಹುಳುಹುಪ್ಪಟೆ ಹಿಡಿಯಲು ಹೊರಡುವ ಈ ಪ್ರಾಣಿ ಹಗಲಿನ ಸವಾರರ ಕಣ್ಣಿಗೆ ಬೀಳುವುದಿಲ್ಲ. ಆದರೂ ಅದು ಅಲ್ಲಿದೆ ಎಂದು ತಿಳಿದು ಸಾಗುವುದೇ ಬೇರೆ. ಅದು ಕೊಂಬೆಯಿಂದ ಕೊಂಬೆಗೆ ದಾಟಿಯೇ ಓಡಾಡಬೇಕು. ದಾರಿ ಅಗಲ ಮಾಡಲು ಎರಡು ಮರ ಕಡಿದರೆ ನಮಗೆ ನೆರಳು ಹೋಯಿತು, ಅದಕ್ಕೆ ಸೇತುವೆಯೇ ಹೋಯಿತು.

ಹೆಬ್ಬೂರು ದಾಟಿ ಕುಣಿಗಲ್ ತಲುಪಿದರೆ, ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕೆರೆ ಎದುರಾಗುತ್ತದೆ. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಬೆಳೆಸಿದ ಊರು ಕೂಡ ಇದೇ. ಇನ್ನೂ ದಕ್ಷಿಣಕ್ಕೆ ಬಟ್ಟಲು ಕವುಚಿಟ್ಟಂತೆ ಕಾಣುವ ಹುಲಿಯೂರುದುರ್ಗದ ಗುಡ್ಡವಿದೆ. ಮಾರ್ಕೋನಹಳ್ಳಿ ಜಲಾಶಯದ ಸೈಫನ್ ವ್ಯವಸ್ಥೆಯಂತೂ ವಿಜ್ಞಾನದ ವಿದ್ಯಾರ್ಥಿಗಳು ನೋಡಲೇಬೇಕಾದದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಕಟ್ಟಿದ್ದು ಇದು. ನೀರು ಗೊತ್ತಾದ ಮಟ್ಟ ಮೀರಿದ ಕೂಡಲೇ ಯಾರೂ ಗೇಟು ಎತ್ತದೆ, ಡ್ರಮ್ಮಿನಿಂದ ಕೊಳವೆಯಲ್ಲಿ ಸೀಮೆಎಣ್ಣೆ ಎಳೆದಂತೆ, ಹೆಚ್ಚುವರಿ ನೀರು ತಾನೇ ಹೊರಬೀಳುತ್ತದೆ.

ನಾಟಕದ ಊರಿಗೆ

ಮೂರನೆಯದು ಗುಬ್ಬಿ. ತುಮಕೂರಿನಿಂದ ಸುಮಾರು ಇಪ್ಪತ್ತು ಕಿಲೋಮೀಟರ್. ಶಿವಮೊಗ್ಗ ಹೆದ್ದಾರಿಯಲ್ಲೇ ಹೋಗಬಹುದಾದರೂ ಬಸ್ಸು ಲಾರಿಗಳ ನಡುವೆ ನುಸುಳುವುದಕ್ಕಿಂತ ಹಳ್ಳಿಯ ಒಳದಾರಿಗಳನ್ನು ಹಿಡಿಯುವುದೇ ಲೇಸು. ‘ಗುಬ್ಬಿಗೆ ಯಾವ ಕಡೆ ಅಣ್ಣ?’ ಎಂದು ಅರಳಿಕಟ್ಟೆಯಲ್ಲಿ ಕೂತವರನ್ನು ಕೇಳಿದರೆ ದಾರಿಯ ಜತೆಗೆ ಊರಿನ ಮಳೆ ಬೆಳೆಯ ಸುದ್ದಿಯೂ ಸಿಗುತ್ತದೆ. ಮೊಬೈಲಿನ ನಕ್ಷೆ ದಾರಿಯನ್ನಷ್ಟೇ ತೋರಿಸುತ್ತದೆ.

1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪೆನಿಗೆ ಬಾಲಕನಾಗಿ ಸೇರಿ, ಮುಂದೆ ಅದರ ಒಡೆಯರೇ ಆದ ಗುಬ್ಬಿ ವೀರಣ್ಣನವರು ಈ ಸಣ್ಣ ಊರಿನ ಹೆಸರನ್ನು ದಕ್ಷಿಣ ಭಾರತದಲ್ಲೆಲ್ಲ ಮೆರೆಸಿದರು. ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದವರು ಅವರು. ಡಾ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಇವರೆಲ್ಲ ಆ ಗರಡಿಯಲ್ಲಿ ಪಳಗಿದವರೇ. ಅದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಜೈನ ಬಸದಿಯಿದೆ. ಕಡಬದ ಕೆರೆಏರಿಯ ಮೇಲೆ ನಿಂತರೆ, ದುರ್ಗದಲ್ಲಿ ಬಿಟ್ಟುಬಂದ ಶಿಂಷೆ ಮತ್ತೆ ಸಿಗುತ್ತಾಳೆ.

ಗೇರಿನ ಗಣಿತ

‘ಏರಿನಲ್ಲಿ ಗೇರ್ ಹಾಕಿದರೆ ಯಾಕೆ ಹಗುರ?’ ಎಂದು ಮಕ್ಕಳು ಕೇಳಿದರೆ ಹೆತ್ತವರು ತಡವರಿಸಬೇಕಿಲ್ಲ. 26 ಇಂಚಿನ ಗಾಲಿಯ ಸುತ್ತಳತೆ ಸುಮಾರು 2.07 ಮೀಟರ್. ಮುಂದಿನ ಚಕ್ರಕ್ಕೆ 42 ಹಲ್ಲು, ಹಿಂದಿನದಕ್ಕೆ 14 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಗಾಲಿ ಮೂರು ಸುತ್ತು ತಿರುಗುತ್ತದೆ. ಸೈಕಲ್ ಸುಮಾರು 6.2 ಮೀಟರ್ ಮುಂದೆ ಹೋಗುತ್ತದೆ. ಇದು ಸಮತಟ್ಟು ನೆಲಕ್ಕೆ. ಏರಿನಲ್ಲಿ ಚೈನನ್ನು ಮುಂದೆ 24, ಹಿಂದೆ 28 ಹಲ್ಲಿನ ಚಕ್ರಗಳಿಗೆ ಬದಲಿಸಿದರೆ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಮಾತ್ರ. ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ತುಳಿಯಬೇಕು, ಆದರೆ ಪ್ರತಿ ತುಳಿತಕ್ಕೂ ಬೇಕಾದ ಬಲ ಕಡಿಮೆ. ಒಟ್ಟು ಕೆಲಸ ಕಡಿಮೆಯಾಗುವುದಿಲ್ಲ, ಅದು ಸಣ್ಣ ಸಣ್ಣ ಕಂತುಗಳಾಗುತ್ತದೆ. ವರ್ಷದ ಪಾಠವನ್ನೆಲ್ಲ ಪರೀಕ್ಷೆಯ ಹಿಂದಿನ ರಾತ್ರಿ ಓದುವವರು ಈ ಲೆಕ್ಕವನ್ನು ಗಮನಿಸಬೇಕು!

ಅಮ್ಮನ ಭಯ

ಇನ್ನು ತಾಯಿಯ ಮಾತಿಗೆ ಬರೋಣ. ಚಿರತೆಯ ಭಯ ಬರೀ ಕಲ್ಪನೆಯಲ್ಲ. 2019ರ ಕೊನೆಯಿಂದ 2020ರ ಆರಂಭದವರೆಗಿನ ಕೆಲವೇ ತಿಂಗಳುಗಳಲ್ಲಿ ಇದೇ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಪುಟ್ಟ ಮಕ್ಕಳೂ ಸೇರಿದಂತೆ ಹಲವರು ಚಿರತೆ ದಾಳಿಗೆ ಬಲಿಯಾದರು. ಸಂಜೆಯಾದರೆ ಜನ ಮನೆಯಿಂದ ಹೊರಬರಲು ಅಂಜುತ್ತಿದ್ದರು. ಕಲ್ಲುಗುಡ್ಡದ ಪೊಟರೆ, ಲಂಟಾನ ಪೊದೆ, ಊರಂಚಿನ ನಾಯಿ ಕುರಿಗಳು ಇವಿಷ್ಟಿದ್ದರೆ ಚಿರತೆ ಊರ ಪಕ್ಕದಲ್ಲೇ ಬದುಕಬಲ್ಲದು.

ಹಾಗೆಂದು ಹಗಲು ಹೊತ್ತಿನ ಸವಾರಿಯೇ ಬೇಡವೆ? ಚಿರತೆ ಹೆಚ್ಚಾಗಿ ಓಡಾಡುವುದು ಮುಸ್ಸಂಜೆಯಿಂದ ಮುಂಜಾವದವರೆಗೆ. ಒಂಟಿಯಾಗಿರುವ ಸಣ್ಣ ಮಕ್ಕಳು, ಬಗ್ಗಿ ಕೂತವರು ಅದಕ್ಕೆ ಸುಲಭದ ಗುರಿಯಾಗುತ್ತಾರೆ. ಆದ್ದರಿಂದ ಬಿಸಿಲು ಬಿದ್ದ ಮೇಲೆ ಹೊರಟು ಸಂಜೆಗೆ ಮುಂಚೆಯೇ ಮನೆ ಸೇರುವುದು, ನಾಲ್ಕೈದು ಜನರ ಗುಂಪಿನಲ್ಲಿ ಮಾತನಾಡುತ್ತಾ ಸಾಗುವುದು, ಪೊದೆಯ ಬಳಿ ಕೂರದಿರುವುದು, ಇವೇ ಮುಖ್ಯ ಎಚ್ಚರಿಕೆಗಳು. ಅಕಸ್ಮಾತ್ ಎದುರಾದರೆ ಬೆನ್ನು ತಿರುಗಿಸಿ ಓಡಬಾರದು. ನೆಟ್ಟಗೆ ನಿಂತು, ಸೈಕಲ್ಲನ್ನು ಮುಂದಿಟ್ಟುಕೊಂಡು, ಗಟ್ಟಿಯಾಗಿ ಕೂಗುತ್ತಾ ಹಿಂದೆ ಸರಿಯಬೇಕು.

ಚಿರತೆಯನ್ನು ನೆನೆದು ನಡುಗುವ ನಾವು ಇನ್ನೆರಡು ಅಪಾಯಗಳನ್ನು ಮರೆಯುತ್ತೇವೆ. ಒಂದು, ಹೆದ್ದಾರಿಯ ವಾಹನಗಳು. ಇನ್ನೊಂದು, ಸವಾರಿಯ ಸೆಖೆಗೆ ಮಕ್ಕಳನ್ನು ಕರೆಯುವ ಕೆರೆ, ಕೃಷಿಹೊಂಡ, ಕಲ್ಲುಕ್ವಾರಿಯ ನೀರು. ಕೃಷಿಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಈಜು ಬಲ್ಲವರಿಗೂ ಹತ್ತಿ ಬರಲಾಗುವುದಿಲ್ಲ. ‘ಎಲ್ಲಿಗಾದರೂ ಹೋಗು, ನೀರಿಗೆ ಮಾತ್ರ ಇಳಿಯಬೇಡ’ ಎಂಬ ಒಂದು ಮಾತನ್ನು ಪ್ರತಿ ಸಲವೂ ಹೇಳಿ ಕಳುಹಿಸುವುದು ಅತಿಯಾಗದು.

ಅಪ್ಪಣೆಯನ್ನೂ ಗೇರಿನಂತೆ ಹಂತಹಂತವಾಗಿ ಕೊಡಬಹುದು. ಮೊದಲ ತಿಂಗಳು ಊರೊಳಗೆ. ಆಮೇಲೆ ಹಿರಿಯರೊಬ್ಬರ ಜತೆ ಕೈದಾಳದವರೆಗೆ. ಪಂಕ್ಚರ್ ಹಾಕಲು, ಬ್ರೇಕ್ ಬಿಗಿಮಾಡಲು, ದಾರಿ ಕೇಳಲು, ಹೇಳಿದ ಹೊತ್ತಿಗೆ ಮರಳಲು ಕಲಿತ ಮೇಲೆ ಗೆಳೆಯರೊಂದಿಗೆ ಗುಬ್ಬಿಗೆ. ಹೆಣ್ಣುಮಕ್ಕಳಿಗೂ ಇದೇ ಲೆಕ್ಕ ಇರಲಿ. ಅಣ್ಣನಿಗೆ ತೆರೆದ ಗೇಟು ತಂಗಿಗೆ ಮುಚ್ಚಬೇಕಾಗಿಲ್ಲ. ಇದರಿಂದ ಎಲ್ಲರೂ ಚಾಂಪಿಯನ್ ಆಗಬೇಕೆಂದೇನಿಲ್ಲ. ಆಸಕ್ತಿ ಬೆಳೆದವರಿಗೆ ನಮ್ಮ ನಾಡಿನಲ್ಲಿ ದಾರಿಯೂ ಇದೆ. ವಿಜಯಪುರ, ಬಾಗಲಕೋಟೆ ಸೀಮೆ ದಶಕಗಳಿಂದ ಸೈಕಲ್ ಪಟುಗಳ ತವರು. ರಾಷ್ಟ್ರೀಯ ಮೌಂಟನ್ ಬೈಕ್ ಸ್ಪರ್ಧೆ 2021ರಲ್ಲಿ ಗದಗದಲ್ಲೇ ನಡೆಯಿತು.

ಹೊರಡುವ ಮುನ್ನ

* ತಲೆಗೆ ಸರಿಹೊಂದುವ ಹೆಲ್ಮೆಟ್ ಇರಲಿ, ಗಲ್ಲದ ಪಟ್ಟಿ ಬಿಗಿದಿರಲಿ.

* ಎರಡೂ ಬ್ರೇಕ್, ಚೈನು, ಗಾಲಿಯ ನಟ್ಟುಗಳನ್ನು ಪರೀಕ್ಷಿಸಿ. ಎಷ್ಟು ಗಾಳಿ ಬೇಕೆಂದು ಟೈರಿನ ಬದಿಯಲ್ಲೇ ಅಚ್ಚಾಗಿರುತ್ತದೆ.

* ಇಳಿಜಾರಿನಲ್ಲಿ ಎರಡೂ ಬ್ರೇಕ್‌ಗಳನ್ನು ಸ್ವಲ್ಪ ಸ್ವಲ್ಪವೇ ಹಿಡಿಯಿರಿ. ಮುಂದಿನದನ್ನಷ್ಟೇ ಗಕ್ಕನೆ ಹಿಡಿದರೆ ಸೈಕಲ್ ಮುಗ್ಗರಿಸುತ್ತದೆ.

* ಜಾಲಿಮುಳ್ಳು ಎಲ್ಲೆಡೆ ಇದೆ. ಒಂದು ಟ್ಯೂಬು, ಪಂಕ್ಚರ್ ಸಾಮಾನು, ಕೈಪಂಪು ಜತೆಗಿರಲಿ.

* ತಲಾ ಎರಡು ಲೀಟರ್ ನೀರು, ಕಡಲೆಮಿಠಾಯಿ ಅಥವಾ ಬಾಳೆಹಣ್ಣು ಒಯ್ಯಿರಿ. ಸಿಪ್ಪೆ, ಕವರುಗಳನ್ನು ಮರಳಿ ತನ್ನಿ.

* ಬಿತ್ತಿದ ಹೊಲ, ಒಕ್ಕಣೆಯ ಕಣದ ಮೇಲೆ ಸೈಕಲ್ ಹಾಯಿಸಬೇಡಿ. ತೋಟದ ದಾರಿಯಾದರೆ ಒಡೆಯರನ್ನು ಕೇಳಿ.

* ಯಾವ ದಾರಿ, ಎಷ್ಟು ಗಂಟೆಗೆ ವಾಪಸು ಎಂದು ಬರೆದಿಟ್ಟು ಹೋಗಿ. ತುರ್ತಿಗೆ 112.

ತುಮಕೂರು ಓದಿನ ಊರು. ಸಿದ್ಧಗಂಗೆಯ ಮಠದಲ್ಲಿ ಸಾವಿರಾರು ಮಕ್ಕಳು ಅನ್ನ, ಆಸರೆ ಪಡೆದು ಓದಿದ್ದಾರೆ. ನಾಡಿನ ಮೂಲೆಮೂಲೆಗಳಿಂದ ವಿದ್ಯಾರ್ಥಿಗಳು ಇಲ್ಲಿಯ ಕಾಲೇಜುಗಳಿಗೆ ಬರುತ್ತಾರೆ. ಅವರಲ್ಲಿ ಎಷ್ಟು ಮಂದಿ ಶಿಂಷೆ ಹುಟ್ಟುವ ಬೆಟ್ಟವನ್ನು, ಅದು ತುಂಬುವ ಕೆರೆಯನ್ನು ಕಣ್ಣಾರೆ ಕಂಡಿದ್ದಾರೆ? ಬಡಾವಣೆಗಳು ಬೆಳೆದಂತೆ ಬಂಡಿಜಾಡುಗಳು ಬೇಲಿಯೊಳಗೆ ಸೇರುತ್ತಿವೆ. ಇಂದು ಸೈಕಲ್ ಹೋಗುವ ದಾರಿ ನಾಳೆ ಸೈಟಾಗಿರಬಹುದು. ಅದನ್ನು ತುಳಿದು ಬಲ್ಲ ಮಕ್ಕಳಿಗಷ್ಟೇ ಅದು ಹೋದದ್ದು ತಿಳಿಯುತ್ತದೆ.

ಆ ಭಾನುವಾರದ ಹುಡುಗ ಗೇಟಿನ ಬಳಿ ಇನ್ನೂ ನಿಂತಿದ್ದಾನೆ. ಅಮ್ಮ ಹೊರಗೆ ಬಂದು ಆಕಾಶ ನೋಡುತ್ತಾರೆ. ಬಿಸಿಲು ಬಿದ್ದಿದೆ.

‘ಹೆಲ್ಮೆಟ್ ಹಾಕ್ಕೊ. ನೀರಿಗಿಳಿಬೇಡ. ಹನ್ನೆರಡು ಗಂಟೆಗೆ ಊಟಕ್ಕೆ ಮನೇಲಿರ್ಬೇಕು.’

ಗೇಟು ತೆರೆಯುತ್ತದೆ.